ದಾಸಪ್ಪ ಬರೆದ ಮೂರು ಅಕ್ಷರ

ಸೇಲಂ ಜಿಲ್ಲೆಯ ಹೊಸೂರಿನ ಪೇಟೆ ಬೀದಿಯ ಹಳೆಯ ಮನೆಗಳನ್ನು ಉಳಿಸಲು ಒಂದು ಸಮಿತಿ ಇತ್ತು. ಅದಕ್ಕೆ ಅಧ್ಯಕ್ಷರಿದ್ದರು, ಕಾರ್ಯದರ್ಶಿ ಇದ್ದರು, ರಬ್ಬರ್ ಮೊಹರು ಇತ್ತು, ಹನ್ನೊಂದು ಜನ ಸದಸ್ಯರಿದ್ದರು. ಆ ಹನ್ನೊಂದು ಜನರಲ್ಲಿ ನಾನೂ ಒಬ್ಬ. ನಾನು ಶಾಲೆಯ ಕನ್ನಡ ಪಂಡಿತನಾದ್ದರಿಂದ ಸಭೆಯ ನಡವಳಿ ಬರೆಯುವ ಸೇವೆ ನನ್ನ ಪಾಲಿಗೆ ಬಂದಿತ್ತು. ಸಮಿತಿ ಹುಟ್ಟಿದ ಎರಡು ವರ್ಷದೊಳಗೆ ಏಳು ಸಭೆ ಸೇರಿ, ಒಂಬತ್ತು ಠರಾವು ಪಾಸು ಮಾಡಿ, ಕಾಪಾಡಲು ಯೋಗ್ಯವಾದ ಮೂರು ಮನೆಗಳಿಗೆ ಗುರುತು ಹಾಕಿಸಿ, ಆ ಮೂರನ್ನೂ ಕೆಡವಿಸಿತು. ಬೀದಿಯ ಉಳಿದ ಮನೆಗಳು ನಮ್ಮ ರಕ್ಷಣೆಗೆ ಒಳಪಡದ ಕಾರಣ ಇವತ್ತಿಗೂ ನೆಟ್ಟಗೆ ನಿಂತಿವೆ.

ನಾನು ಹೇಳಹೊರಟಿರುವುದು ಸಮಿತಿಯ ಕತೆಯನ್ನಲ್ಲ, ದಾಸಪ್ಪನ ಕತೆಯನ್ನು. ಅವನು ಸಮಿತಿಯ ಸದಸ್ಯನಲ್ಲ. ನಲವತ್ತು ವರ್ಷಗಳಿಂದ ಆ ಬೀದಿಯ ಮನೆಗಳನ್ನು ಬೀಳದಂತೆ ನೋಡಿಕೊಂಡವನು ಅವನೊಬ್ಬನೇ. ಹಾಗಾಗಿ ಅವನನ್ನು ಸದಸ್ಯನಾಗಿ ಮಾಡಿಕೊಳ್ಳಬೇಕೆಂದು ಯಾರಿಗೂ ತೋಚಲಿಲ್ಲ. ಏಣಿ ಹಿಡಿಯಲು ಕರೆದೆವು.

ದಾಸಪ್ಪ ಗಾರೆ ಮೇಸ್ತ್ರಿ. ಕೆರೆಯ ಕಡೆಗೆ ಹೋಗುವ ದಾರಿಯಲ್ಲಿ ಗುಡಿಸಲು ಎನ್ನಲು ಸ್ವಲ್ಪ ದೊಡ್ಡದು, ಮನೆ ಎನ್ನಲು ಸ್ವಲ್ಪ ಚಿಕ್ಕದು ಅನ್ನುವಂಥ ಒಂದು ವಾಸ ಅವನದು. ಅದರ ಮುಂದೆ ಗಾರೆ ಅರೆಯುವ ಗಾಣ. ನೆಲದಲ್ಲಿ ದುಂಡಗೆ ಕಟ್ಟಿದ ಕಲ್ಲಿನ ಕಾಲುವೆ, ಅದರೊಳಗೆ ಉರುಳುವ ಕಲ್ಲಿನ ಚಕ್ರ, ಚಕ್ರವನ್ನು ಎಳೆಯಲು ಒಂದು ಮುದಿ ಎತ್ತು. ಸೂಳಗಿರಿಯ ಕಡೆಯ ಗೂಡಿನಿಂದ ಸುಣ್ಣ ತಂದು, ಮರಳು ಬೆರೆಸಿ ಅರೆದು, ಬೆಲ್ಲದ ನೀರು ಅಳಲೆಕಾಯಿಯ ನೀರು ಹಾಕಿ ಕೊಳೆಯಲು ಬಿಡುತ್ತಿದ್ದ. ಹದಿನೈದು ದಿನ ಕಳೆದ ಮೇಲೆ ಒಂದು ಚಿಟಿಕೆ ತೆಗೆದು ನಾಲಿಗೆಯ ತುದಿಗೆ ಮುಟ್ಟಿಸಿ ನೋಡುತ್ತಿದ್ದ. ನಾಲಿಗೆ ಚುರ್ರೆಂದರೆ ಇನ್ನೂ ಹದ ಬಂದಿಲ್ಲ, ಇನ್ನೊಂದು ವಾರ. ಮನೆಯ ಯಜಮಾನ ಎಷ್ಟೇ ಅವಸರ ಮಾಡಲಿ, ಮಗಳ ಮದುವೆ ಇರಲಿ, ಮಂತ್ರಿಗಳೇ ಬರುವುದಿರಲಿ, ದಾಸಪ್ಪನ ನಾಲಿಗೆ ಒಪ್ಪದೆ ಗೋಡೆಗೆ ಗಾರೆ ಹತ್ತುತ್ತಿರಲಿಲ್ಲ.

ಸಿಮೆಂಟನ್ನು ಅವನು ಬೂದಿ ಎಂದೇ ಕರೆಯುತ್ತಿದ್ದ. ವಕೀಲ ಲಕ್ಷ್ಮೀಪತಿಗಳು ತಮ್ಮ ತಾತ ಕಟ್ಟಿಸಿದ ಜಗಲಿಯನ್ನು ಕೀಳಿಸಿ ಮನೆಯ ಮುಂಭಾಗಕ್ಕೆ ಸಿಮೆಂಟು ಹಾಕಿಸಿ, ಕಬ್ಬಿಣದ ಗೇಟು ನಿಲ್ಲಿಸಿ, ಬಾಗಿಲ ಮೇಲೆ ಎರಡು ಸಿಮೆಂಟಿನ ಸಿಂಹ ಕೂರಿಸಿದಾಗ ದಾಸಪ್ಪ ಅದರ ಮುಂದೆ ಬಹಳ ಹೊತ್ತು ನಿಂತು ನೋಡಿದನಂತೆ. ಹೇಗಿದೆ ಎಂದು ವಕೀಲರು ಕೇಳಿದ್ದಕ್ಕೆ, ಸಿಂಹಗಳ ಮುಖದಲ್ಲಿ ನಾಚಿಕೆ ಚೆನ್ನಾಗಿ ಬಂದಿದೆ ಎಂದನಂತೆ. ಇದೇ ಲಕ್ಷ್ಮೀಪತಿಗಳು ಮುಂದೆ ಹಳೆಮನೆ ರಕ್ಷಣಾ ಸಮಿತಿಯ ಕಾರ್ಯದರ್ಶಿಯಾದರು.

ದಾಸಪ್ಪನಿಗೆ ಮನುಷ್ಯರ ಜೊತೆ ಮಾತು ಕಡಿಮೆ. ಕರೆಯದಿದ್ದರೂ ಮನೆಗಳಿಗೆ ಹೋಗಿ ಗೋಡೆಯನ್ನು ಬೆರಳಿನ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು ಕೇಳಿ, ಎಲ್ಲಿ ಟೊಳ್ಳು ಎಲ್ಲಿ ಗಟ್ಟಿ ಎಂದು ತಿಳಿದುಕೊಂಡು ಸುಮ್ಮನೆ ಹೊರಟುಬಿಡುತ್ತಿದ್ದ. ಮರುದಿನ ಕರಣೆ ಹಿಡಿದು ಬಂದು ತೇಪೆ ಹಾಕುತ್ತಿದ್ದ. ಇವನು ಊರ ಗೋಡೆಗಳನ್ನೆಲ್ಲ ತಟ್ಟುತ್ತಾನೆ, ನನ್ನ ಬೆನ್ನು ನೋಯುತ್ತದೆ ಎಂದರೆ ಮಾತ್ರ ಇವನ ಕೈಗೆ ಬಿಡುವಿಲ್ಲ ಎಂದು ಅವನ ಹೆಂಡತಿ ರಾಮಕ್ಕ ಬೀದಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು.

ಅವನು ದಿನವೂ ತಟ್ಟುತ್ತಿದ್ದ ಗೋಡೆ ಒಂದಿತ್ತು. ಅದು ಶಾಂತಾಬಾಯಿಯವರ ಮನೆಯದು. ಶಾಂತಾಬಾಯಿ ಶಾನುಭೋಗರ ಮನೆತನದ ಸೊಸೆ. ಗಂಡ ತೀರಿಕೊಂಡ ಮೇಲೆ ಮಧ್ಯಾಹ್ನದ ಹೊತ್ತು ತಮ್ಮ ಪಡಸಾಲೆಯಲ್ಲಿ ಬೀದಿಯ ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಓದು, ಬರಹ, ಹೊಲಿಗೆ ಹೇಳಿಕೊಡುತ್ತಿದ್ದರು. ನಮ್ಮ ಶಾಲೆಗೆ ಹೆಣ್ಣುಮಕ್ಕಳನ್ನು ಕಳಿಸಲು ಒಪ್ಪದ ಮನೆಯವರೂ ಆ ಪಡಸಾಲೆಗೆ ಕಳಿಸುತ್ತಿದ್ದರು. ಹದಿನೆಂಟು ಇಪ್ಪತ್ತು ಹುಡುಗಿಯರು ಅಲ್ಲಿ ಅಕ್ಷರ ಕಲಿಯುತ್ತಿದ್ದರು, ಬೇರೆಲ್ಲೂ ಕಲಿಯುವ ಹಾಗಿರಲಿಲ್ಲ. ಆ ಪಡಸಾಲೆಯ ಒಳಗೋಡೆಯನ್ನು ಊರೆಲ್ಲ ಕನ್ನಡಿ ಗೋಡೆ ಎನ್ನುತ್ತಿತ್ತು. ಹತ್ತಿರ ನಿಂತರೆ ಮುಖ ಕಾಣುತ್ತಿತ್ತು. ಹುಡುಗಿಯರು ಪಾಠ ಮುಗಿಸಿ ಹೊರಡುವಾಗ ಅದರಲ್ಲೇ ನೋಡಿಕೊಂಡು ಬೈತಲೆ ತಿದ್ದಿಕೊಳ್ಳುತ್ತಿದ್ದರು.

ಆ ಗೋಡೆಯನ್ನು ಮಾಡಿದವರು ದಾಸಪ್ಪ ಮತ್ತು ಅವನ ಅಪ್ಪ. ದಾಸಪ್ಪನಿಗೆ ಆಗ ಇಪ್ಪತ್ತು, ಹೊಸದಾಗಿ ಮದುವೆಯಾಗಿತ್ತು. ಅಪ್ಪ ಮಗ ಸೇರಿ ಒಂದು ಮಳೆಗಾಲ ಕಳೆದು ಇನ್ನೊಂದು ಮಳೆಗಾಲ ಬರುವ ತನಕ ಉಜ್ಜಿದರಂತೆ. ಕೊನೆಯ ಪದರಕ್ಕೆ ಏನು ಹಾಕಿದಿರಿ ಎಂದು ಶಾನುಭೋಗರು ಕೇಳಲಿಲ್ಲ, ಇವರು ಹೇಳಲಿಲ್ಲ. ಈರುಳ್ಳಿಯೂ ಒಳಗೆ ಹೋಗದ ಆ ಮನೆಯ ಗೋಡೆಗೆ ನೂರಾರು ಕೋಳಿಮೊಟ್ಟೆಯ ಬಿಳಿ ಹತ್ತಿದೆ ಎಂಬುದು ಪೇಟೆ ಬೀದಿಗೆಲ್ಲ ಗೊತ್ತಿದ್ದ ಗುಟ್ಟು. ಅಪ್ಪ ಸತ್ತ. ಅವನು ಮಾಡಿದ ಬೇರೆ ಗೋಡೆಗಳು ಒಂದೊಂದಾಗಿ ಬಿದ್ದವು, ಇಲ್ಲವೆ ಬೂದಿಯ ಕೆಳಗೆ ಹೋದವು. ಕೊನೆಗೆ ದಾಸಪ್ಪನಿಗೆ ಅಪ್ಪನ ಕೈಕೆಲಸ ಎಂದು ಉಳಿದದ್ದು ಅದೊಂದೇ ಗೋಡೆ. ಅದನ್ನು ತಟ್ಟಲು ಹೋದಾಗೆಲ್ಲ ಅವನ ಮುಖ ಮೆತ್ತಗಾಗುತ್ತಿದ್ದುದನ್ನು ನಾನೇ ನೋಡಿದ್ದೇನೆ.

ಇದು ಹೀಗೇ ಇರುತ್ತಿತ್ತೋ ಏನೋ. ಆದರೆ ಯುದ್ಧ ಬಂತು, ಅದರ ಹಿಂದೆ ಮಿಲಿಟರಿ ಲಾರಿಗಳು ಬಂದವು. ಬೆಂಗಳೂರಿನಿಂದ ಕೃಷ್ಣಗಿರಿಯ ಕಡೆಗೆ ಹೋಗುವ ಲಾರಿಗಳಿಗೆ ನಮ್ಮ ಪೇಟೆ ಬೀದಿ ಸಾಲದೆ, ಅವು ಒಂದೊಂದು ಸಲಕ್ಕೆ ಒಂದೊಂದು ಜಗಲಿಯ ಮೂಲೆ ಕಿತ್ತುಕೊಂಡು ಹೋಗುತ್ತಿದ್ದವು. ಯುದ್ಧ ಮುಗಿದು ಲಾರಿಗಳು ನಿಂತುಹೋದ ಮೇಲೆ ಸರ್ಕಾರಕ್ಕೆ ಬೀದಿಯನ್ನು ಅಗಲ ಮಾಡುವ ಯೋಚನೆ ಬಂತು. ಎಡಗಡೆಯ ಸಾಲಿನ ಮನೆಗಳನ್ನೆಲ್ಲ ಹತ್ತು ಅಡಿ ಕತ್ತರಿಸಬೇಕೆಂದು ನಕ್ಷೆ ತಯಾರಾಯಿತು.

ಆ ಕೆಲಸವನ್ನು ನೋಡಲು ನಲವತ್ತಾರರಲ್ಲಿ ಒಬ್ಬ ಬಿಳಿಯ ದೊರೆ ಬಂದ. ಊರಿನವರು ಅವನಿಗೆ ಕಂಬದ ದೊರೆ ಎಂದು ಹೆಸರಿಟ್ಟರು, ಏಕೆಂದರೆ ಅವನು ಕಂಡ ಕಂಬವನ್ನೆಲ್ಲ ತಬ್ಬಿ ನೋಡುತ್ತಿದ್ದ. ಜಗಲಿ, ಕೆತ್ತನೆಯ ಬಾಗಿಲು, ತೊಟ್ಟಿಗೆ ಇಳಿಯುವ ಬೆಳಕು ಕಂಡರೆ ಅವನ ಕಣ್ಣು ತುಂಬುತ್ತಿತ್ತು. ನೂರೈವತ್ತು ವರ್ಷ ನಮ್ಮನ್ನು ಆಳಿ, ಗಂಟುಮೂಟೆ ಕಟ್ಟುವ ಹೊತ್ತಿಗೆ ಅವರಿಗೆ ನಮ್ಮ ಮನೆಗಳು ಚೆನ್ನಾಗಿವೆ ಎಂದು ಕಂಡಿತು. ನಮಗೂ ಅವನು ಹೇಳಿದ ಮೇಲೆಯೇ ಕಂಡದ್ದು, ಅದು ಬೇರೆ ಮಾತು. ಕನ್ನಡಿ ಗೋಡೆಯಲ್ಲಿ ಅವನು ತನ್ನ ಕೆಂಪು ಮುಖವನ್ನು ನೋಡಿಕೊಂಡು ಅರ್ಧ ಗಂಟೆ ನಿಂತ. ಬೀದಿಯಲ್ಲಿ ಮೂರು ಮನೆಗಳನ್ನು ಮುಟ್ಟಕೂಡದು, ಉಳಿದದ್ದನ್ನು ಮಾತ್ರ ಕತ್ತರಿಸಿ ಎಂದು ಆಜ್ಞೆ ಮಾಡಿದ. ಒಂದು ಖಾಲಿ ಛತ್ರ, ಇನ್ನೊಂದು ಸೇಲಂಗೆ ಹೋಗಿ ನೆಲೆಸಿದವರು ಬೀಗ ಹಾಕಿದ್ದ ಮನೆ, ಮೂರನೆಯದು ಶಾಂತಾಬಾಯಿಯವರದು. ಆಜ್ಞೆಯಲ್ಲಿ ಮನೆಗಳ ಹೆಸರು ಬರೆಯುವ ಬದಲು, ಗೋಡೆಯ ಮೇಲೆ ಹಾಕಿದ ಗುರುತಿನ ಪ್ರಕಾರ ಕೆಲಸ ನಡೆಯಬೇಕು ಎಂದು ಬರೆಸಿದ. ಗುರುತು ಹಾಕುವ ಭಾರ ಹೊರಲೆಂದೇ ನಮ್ಮ ಸಮಿತಿ ಹುಟ್ಟಿತು.

ಯಾವ ಲಿಪಿಯಲ್ಲಿ ಬರೆಯಬೇಕು ಎಂಬ ವಿಷಯಕ್ಕೆ ನಾವು ಮೂರು ಸಭೆ ಸೇರಿದೆವು. ನಾನು ಕನ್ನಡ ಎಂದೆ. ತೆಲುಗಿನವರು ತೆಲುಗು ಎಂದರು. ಕಚೇರಿಯ ಭಾಷೆ ತಮಿಳಲ್ಲವೇ ಎಂದು ಇನ್ನೊಬ್ಬರು ಎದ್ದರು. ಮೂರನೆಯ ಸಭೆಯಲ್ಲಿ ಯಾರೋ ಯಾರ ಮೇಲೋ ನಶ್ಯದ ಡಬ್ಬಿ ಎಸೆದರು. ಕೊನೆಗೆ ಯಾರಿಗೂ ಬೇಸರವಾಗದಂತೆ ಇಂಗ್ಲಿಷ್ ಅಕ್ಷರದಲ್ಲಿ ಬರೆಯುವುದೆಂದು ಲಕ್ಷ್ಮೀಪತಿಗಳು ತೀರ್ಮಾನ ಕೊಟ್ಟರು. ಹಾಗಾದರೆ ಇಂಗ್ಲಿಷ್ ಮಾತನ್ನೇ ಬರೆದುಬಿಡಬಹುದಿತ್ತು. ಅದಕ್ಕೆ ದೊರೆ ಒಪ್ಪಲಿಲ್ಲ. ಜನರ ಮನೆಗೆ ಜನರ ಮಾತೇ ಇರಬೇಕು ಎಂದು ಅವನ ಹಟ.

ಗುರುತು ಹಾಕುವ ದಿನ ನಾವೆಲ್ಲ ಶಾಂತಾಬಾಯಿಯವರ ಜಗಲಿಯ ಮೇಲೆ ನಿಂತಿದ್ದೆವು. ದಾಸಪ್ಪ ಕೆಳಗೆ ಡಾಂಬರಿನ ಡಬ್ಬ ಹಿಡಿದಿದ್ದ. ಇದು ಕನ್ನಡದವರ ಮನೆ, ಆದ್ದರಿಂದ ಕನ್ನಡದ ಮಾತೇ ಇರಲಿ, ಇರುವುದನ್ನು ಇದ್ದ ಹಾಗೆ ಉಳಿಸಿ ಎನ್ನಲು ನಿಮ್ಮಲ್ಲಿ ಏನೆನ್ನುತ್ತಾರೆ ಎಂದು ದೊರೆ ಕೇಳಿದ. ಲಕ್ಷ್ಮೀಪತಿಗಳು ಅದನ್ನು ಕನ್ನಡಕ್ಕೆ ತಿರುಗಿಸಿ ನಮ್ಮ ಮುಖ ನೋಡಿದರು. ನಾವು ಯೋಚಿಸುತ್ತಿರುವಾಗಲೇ ಕೆಳಗಿನಿಂದ ಉತ್ತರ ಬಂತು.

“ಮಡಗಿ ಅಂತ ಬರ್ಸಿ ಸಾಮಿ. ನಾವು ಅಂಗೇ ಅನ್ನಾದು.”

ಲಕ್ಷ್ಮೀಪತಿಗಳ ಮುಖ ಹುಳ್ಳಗಾಯಿತು. ದೊರೆಯ ಎದುರಿಗೆ, ಅದೂ ಸಮಿತಿಯ ಪರವಾಗಿ, ಇಂಥ ಹಳ್ಳಿಯ ಮಾತು. ಅವರು ನನ್ನ ಕಡೆ ತಿರುಗಿದರು. ನಾನು ಅಂಗವಸ್ತ್ರ ಸರಿಪಡಿಸಿಕೊಂಡೆ. ಇಪ್ಪತ್ತೆರಡು ವರ್ಷ ವ್ಯಾಕರಣ ಹೇಳಿಕೊಟ್ಟವನಿಗೆ ದೊರೆಯ ಮುಂದೆ ಅದನ್ನು ತೋರಿಸುವ ಅವಕಾಶ ಇನ್ನು ಯಾವಾಗ ಬರಬೇಕು?

“ಮಡಗು ಗ್ರಾಮ್ಯ,” ಎಂದೆ. “ಇಡು ಎನ್ನುವುದು ಶಿಷ್ಟ. ಗೌರವ ಸೇರಿಸಿದರೆ ಇಡಿ.”

ದೊರೆ ಸಂತೋಷದಿಂದ ಚೀಟಿಯ ಮೇಲೆ ಮೂರು ಇಂಗ್ಲಿಷ್ ಅಕ್ಷರ ಬರೆದು ದಾಸಪ್ಪನ ಕೈಗೆ ಕೊಟ್ಟ. ಐ, ಡಿ, ಐ.

ದಾಸಪ್ಪನಿಗೆ ಓದು ಬಾರದು. ಆ ಚೀಟಿಯನ್ನು ಉದ್ದಕ್ಕೆ ಅಡ್ಡಕ್ಕೆ ತಿರುಗಿಸಿ ನೋಡಿ, ಎರಡು ಕಂಬದ ನಡುವೆ ಒಬ್ಬ ಬಸುರಿ ನಿಂತ ಹಾಗಿದೆ ಎಂದ. ಸುಣ್ಣದ ಗೋಡೆಗೆ ಡಾಂಬರು ಬಳಿಯಲು ಅವನಿಗೆ ಸುತರಾಂ ಇಷ್ಟವಿರಲಿಲ್ಲ. ಆದರೆ ಈ ಮೂರು ಅಕ್ಷರ ಇದ್ದರೆ ಗೋಡೆಯನ್ನು ಯಾರೂ ಮುಟ್ಟುವುದಿಲ್ಲ ಎಂದು ನಾನೇ ಅವನಿಗೆ ಬಿಡಿಸಿ ಹೇಳಿದೆ. ಅದನ್ನು ಕೇಳಿದ ಮೇಲೆ ಅವನು ಒಂದೊಂದು ಮನೆಗೆ ಅರ್ಧ ದಿನ ತೆಗೆದುಕೊಂಡ. ನೂಲು ಹಿಡಿದು ಗೆರೆ ಹಾಕಿದ, ತೂಗುಗುಂಡು ಬಿಟ್ಟು ಕಂಬಗಳನ್ನು ನೇರ ಮಾಡಿದ, ಬಸುರಿಯ ಹೊಟ್ಟೆಯನ್ನು ಮೂರು ಸಲ ತಿದ್ದಿದ. ಶಾಂತಾಬಾಯಿಯವರ ಹೊರಗೋಡೆಯ ಮೇಲೆ ಬರೆದದ್ದಂತೂ ಅಚ್ಚುಹಾಕಿದಷ್ಟು ಚೆನ್ನಾಗಿತ್ತು. ಹೊಸೂರಿನಲ್ಲಿ ಅಷ್ಟು ಸೊಗಸಾದ ಇಂಗ್ಲಿಷ್ ಅಕ್ಷರಗಳು ಇನ್ನೆಲ್ಲೂ ಇರಲಿಲ್ಲ.

ಅಲ್ಲಿಂದ ಮುಂದೆ ದಾಸಪ್ಪನಿಗೆ ಆ ಮಾತಿನ ಮೇಲೆ ಒಂದು ಭಕ್ತಿ ಬಂತು. ಅದು ಸರ್ಕಾರದ ಮಾತು, ದೊರೆ ಬರೆದ ಮಾತು, ಗೋಡೆ ಕಾಯುವ ಮಾತು. ದಿನವೂ ಹೋಗುವಾಗ ಅಕ್ಷರಗಳನ್ನು ಒಮ್ಮೆ ಮುಟ್ಟಿ, ಇಡಿ ಎಂದು ತನ್ನಲ್ಲೇ ಹೇಳಿಕೊಂಡು ಒಳಗೆ ಹೋಗುತ್ತಿದ್ದ. ಮನೆಯಲ್ಲೂ ಚೊಂಬು ಅಲ್ಲಿ ಇಡು, ಮುದ್ದೆ ಇಲ್ಲಿ ಇಡು ಎಂದು ಶುರುಮಾಡಿದ. ಮಡಗು ಅನ್ನೋಕೆ ನಿಂಗೇನು ಬಂದಿದೆ ರೋಗ ಎಂದು ರಾಮಕ್ಕ ಬೈದಳಂತೆ. ಅದು ಹಳ್ಳಿಯವರ ಮಾತು, ಮೇಷ್ಟ್ರೇ ಹೇಳಿದ್ದಾರೆ ಎಂದು ಇವನು ಅವಳನ್ನು ತಿದ್ದಿದನಂತೆ. ಶಿಷ್ಯರಲ್ಲಿ ನನ್ನ ಮಾತನ್ನು ಅಷ್ಟು ನಿಷ್ಠೆಯಿಂದ ಪಾಲಿಸಿದವನು ಇನ್ನೊಬ್ಬನಿಲ್ಲ.

ನಲವತ್ತೇಳು ಬಂತು. ದೊರೆ ಹಡಗು ಹತ್ತಿದ. ಪೇಟೆ ಬೀದಿಯಲ್ಲಿ ಬಾವುಟ ಹಾರಿತು, ಮಕ್ಕಳಿಗೆ ಪೆಪ್ಪರ್‌ಮಿಂಟು ಹಂಚಿದೆವು, ಲಕ್ಷ್ಮೀಪತಿಗಳು ಸೂಟು ಬಿಟ್ಟು ಖಾದಿಗೆ ಬಂದರು. ದೊರೆಯ ಆಜ್ಞೆಯ ಪ್ರತಿಯನ್ನು ಭದ್ರವಾಗಿರಲಿ ಎಂದು ತಮ್ಮ ಬೀರುವಿನಲ್ಲಿ ಬೀಗ ಹಾಕಿಟ್ಟರು. ಎಷ್ಟು ಭದ್ರವಾಗಿತ್ತೆಂದರೆ ಬೇಕಾದ ದಿನ ಅದು ಯಾರ ಕಣ್ಣಿಗೂ ಬೀಳಲಿಲ್ಲ.

ಆ ದಿನ ನವೆಂಬರಿನಲ್ಲಿ ಬಂತು. ಬೆಳಗ್ಗೆ ಸೇಲಂ ಕಡೆಯ ಗುತ್ತಿಗೆದಾರನ ಜನ ಹಾರೆ, ಪಿಕಾಸಿ, ಗುದ್ದಲಿ ಹೊತ್ತು ಬೀದಿಗೆ ಬಂದಿಳಿದರು. ಕೂಲಿಗಳು ತೆಲುಗಿನವರು. ಅವರ ಮೇಲಿನ ಮೇಸ್ತ್ರಿ ಮುನಿಶಾಮಿ ಧರ್ಮಪುರಿಯ ಕಡೆಯ ತಮಿಳಿನವನು, ಕನ್ನಡ ಅವನ ಕಿವಿಗೆ ಬಿದ್ದೇ ಇರಲಿಲ್ಲ. ಅವನ ಕೈಯಲ್ಲಿದ್ದ ಕಾಗದದಲ್ಲಿ ಗೋಡೆಯ ಗುರುತಿನ ಪ್ರಕಾರ ಎಂದು ಮಾತ್ರ ಇತ್ತು. ಲಕ್ಷ್ಮೀಪತಿಗಳು ಕೃಷ್ಣಗಿರಿಯ ಕೋರ್ಟಿನಲ್ಲಿದ್ದರು. ನಾನು ಐದನೆಯ ತರಗತಿಗೆ ಸಂಧಿ ಹೇಳಿಕೊಡುತ್ತಿದ್ದೆ. ದಾಸಪ್ಪ ಶಾಂತಾಬಾಯಿಯವರ ಮನೆಯ ಹಿಂಗೋಡೆಯ ತೇಪೆಗೆ ಸುಣ್ಣ ತರಲು ಗಾಡಿ ಕಟ್ಟಿಕೊಂಡು ಸೂಳಗಿರಿಗೆ ಹೋಗಿದ್ದ.

ಮುನಿಶಾಮಿ ಸ್ವಲ್ಪ ಓದಿದವನು. ಛತ್ರದ ಮುಂದೆ ನಿಂತು ಅಕ್ಷರ ಅಕ್ಷರವಾಗಿ ಕೂಡಿಸಿ ಓದಿದ. ಐ, ಡಿ, ಐ. ಇಡಿ.

ತಮಿಳಿನಲ್ಲಿ ಇಡಿ ಎಂದರೆ ಕೆಡವು.

ಕೂಲಿಗಳ ಹಿರಿಯ ಏನು ಬರೆದಿದೆ ಎಂದು ಕೇಳಿದ. ಅವನಿಗೂ ಅಕ್ಷರಗಳನ್ನು ಓದಿ ಹೇಳಿದಾಗ, ತೆಲುಗಿನವನ ಕಿವಿಗೆ ಅದು ಇದಿ ಎಂದು, ಅಂದರೆ ಇದು ಎಂದು ಕೇಳಿತು. ಇದು ಎಂದು ಒಂದು ಭಾಷೆ ಬೆರಳು ತೋರಿಸಿತು, ಕೆಡವು ಎಂದು ಇನ್ನೊಂದು ಅಪ್ಪಣೆ ಕೊಟ್ಟಿತು. ಉಳಿಸಿ ಎಂದು ಹೇಳಬೇಕಾದ ಮೂರನೆಯದರ ಪಂಡಿತ ಸಂಧಿ ಬಿಡಿಸುತ್ತಿದ್ದ.

ಹೊಸೂರಿನವರಿಗೆ ಮೂರು ಭಾಷೆ ಬರುತ್ತದೆ ಎಂದು ನಾವು ಬೆಂಗಳೂರಿನ ನೆಂಟರ ಮುಂದೆ ಹೇಳಿಕೊಳ್ಳುತ್ತೇವೆ. ಬರುವುದು ನಿಜ. ಲಕ್ಷ್ಮೀಪತಿಗಳು ದಿನವೂ ಸಾಕ್ಷಿಗಳಿಗೆ ತಮಿಳಿನಲ್ಲೇ ಪಾಟೀಸವಾಲು ಹಾಕುತ್ತಿದ್ದವರು. ನಾನು ತಮಿಳಿನಲ್ಲಿ ಪರೀಕ್ಷೆ ಪಾಸು ಮಾಡಿದವನು. ಸಮಿತಿಯ ಹನ್ನೊಂದು ಜನರಲ್ಲಿ ಇಡಿ ಎಂದರೆ ತಮಿಳಿನಲ್ಲಿ ಏನೆಂದು ಗೊತ್ತಿಲ್ಲದವನು ಒಬ್ಬನೂ ಇರಲಿಲ್ಲ. ಆದರೆ ನಾವು ಒಂದು ಭಾಷೆ ಆಡುವಾಗ ಉಳಿದ ಎರಡನ್ನು ಜಗಲಿಯ ಮೇಲೆ ಕೂರಿಸಿ ಬಾಗಿಲು ಹಾಕಿಕೊಳ್ಳುತ್ತೇವೆ. ಆ ದಿನ ದೊರೆಯ ಮುಂದೆಯೂ ಹಾಗೇ ಮಾಡಿದ್ದೆವು.

ಛತ್ರದಲ್ಲಿ ಪಾರಿವಾಳಗಳಷ್ಟೇ ಇದ್ದವು, ಅವು ತಕರಾರು ಮಾಡಲಿಲ್ಲ. ಬೀಗ ಹಾಕಿದ ಮನೆಯ ಪರವಾಗಿ ಮಾತಾಡುವವರು ಊರಿನಲ್ಲಿರಲಿಲ್ಲ. ಶಬ್ದ ಕೇಳಿದ ಶಾಂತಾಬಾಯಿ ಪಕ್ಕದ ಮನೆಗಳ ಜಗಲಿ ಕತ್ತರಿಸುತ್ತಿದ್ದಾರೆ ಎಂದುಕೊಂಡು ಆ ಮನೆಯವರಿಗಾಗಿ ಮರುಗಿದರಂತೆ. ಎರಡು ಗಂಟೆಯ ಹೊತ್ತಿಗೆ ಮುನಿಶಾಮಿಯ ಜನ ಅವರ ಜಗಲಿಯ ಮುಂದೆ ಬಂದು ನಿಂತಾಗ ಅವರೇ ಹೊರಗೆ ಬಂದರು. ಒಳಗೆ ಹುಡುಗಿಯರು ಓದುತ್ತಿದ್ದರು.

“ಗೋಡೆ ಮೇಲೆ ಬರೆದಿರೋದು ನೋಡಿದೆಯೇನಪ್ಪಾ?” ಎಂದು ಶಾಂತಾಬಾಯಿ ಕೇಳಿದರು.

ಗೋಡೆಯತ್ತ ಮಾಡಿದ ಅವರ ಕೈಸನ್ನೆ ಮುನಿಶಾಮಿಗೆ ಅರ್ಥವಾಯಿತು. ನೋಡಿದೆ ಎಂದು ತನ್ನ ಭಾಷೆಯಲ್ಲಿ ಹೇಳಿದ. “ಪಾತ್ತೇಮ್ಮಾ. ಇಡಿ.”

“ಹೂಂ, ಇಡಿ. ದೊರೆನೇ ಬರೆಸಿದ್ದು.”

“ಆಮಾಮ್ಮಾ, ಇಡಿ,” ಎಂದು ಅವನು ತಲೆಯಾಡಿಸಿ ಹೌದೆಂದ.

ಒಂದು ಮನೆಯ ವಿಷಯದಲ್ಲಿ ಒಡತಿಗೂ ಕೆಡವಲು ಬಂದವನಿಗೂ ಇಷ್ಟು ಬೇಗ ಒಮ್ಮತ ಬಂದದ್ದು ಬೇರೆಲ್ಲೂ ಇರಲಾರದು. ಹುಡುಗಿಯರಿಗೆ ಧೂಳು ಬೀಳುತ್ತದೆ, ಹಿತ್ತಲಿಗೆ ಕಳಿಸಿ ಎಂದು ಅವನು ಸನ್ನೆ ಮಾಡಿದ. ಎಷ್ಟು ಒಳ್ಳೆಯವನು ಎಂದುಕೊಂಡ ಶಾಂತಾಬಾಯಿ ಹುಡುಗಿಯರನ್ನು ಹಿತ್ತಲಿಗೆ ಕಳಿಸಿ, ಬಿಸಿಲಿನಲ್ಲಿ ದಣಿದು ಬಂದವರು ಎಂದು ಎಲ್ಲರಿಗೂ ಒಂದೊಂದು ಲೋಟ ಮಜ್ಜಿಗೆ ಕೊಟ್ಟರು. ಕರಿಬೇವು, ಇಂಗು ಹಾಕಿದ ಮಜ್ಜಿಗೆ. ಅವರು ಕುಡಿದು, ಲೋಟಗಳನ್ನು ತೊಳೆದು ಬೋರಲು ಹಾಕಿ, ಜಗಲಿಗೆ ಮೊದಲ ಹಾರೆ ಹಾಕಿದರು.

ಶಾಂತಾಬಾಯಿ ಕೂಗಿಕೊಂಡದ್ದು ಹಾರೆಯ ಶಬ್ದದಲ್ಲಿ ಯಾರಿಗೂ ಕೇಳಲಿಲ್ಲ. ಜಗಲಿ ಹೋಯಿತು, ಕಂಬಗಳನ್ನು ಉರುಳಿಸಿದರು, ಮುಂದಿನ ಇಳಿಜಾರು ಹೆಂಚಿನ ಸಮೇತ ಕೆಳಗೆ ಬಂತು. ಹೊರಗೋಡೆಯನ್ನು ಬೀಳಿಸುತ್ತಿರುವಾಗ ದಾಸಪ್ಪನ ಗಾಡಿ ಬೀದಿಯ ತುದಿಗೆ ಬಂತು. ಅವನು ಗಾಡಿಯಿಂದ ಧುಮುಕಿ, ಪಂಚೆ ಎತ್ತಿ ಕಟ್ಟಿಕೊಂಡು ಓಡಿಬಂದ. ಅರುವತ್ತರ ಮುದುಕ ಹಾಗೆ ಓಡಿದ್ದನ್ನು ಆ ಬೀದಿ ನೋಡಿರಲಿಲ್ಲ. ಓಡುತ್ತಾ ಎರಡು ಕೈಯನ್ನೂ ಮೇಲೆತ್ತಿ, ಗೋಡೆ ಕಾಯುವುದೆಂದು ನಾನು ಹೇಳಿಕೊಟ್ಟ ಸರ್ಕಾರದ ಮಾತನ್ನು ಇದ್ದಬಿದ್ದ ಉಸಿರನ್ನೆಲ್ಲ ಹಾಕಿ ಕೂಗಿದ.

“ಇಡಿ! ಅಣ್ಣಾ, ಇಡಿ! ಇಡಿ!”

ಯಾರೋ ಊರಿನ ಹಿರಿಯ ಬಂದು ಅವಸರ ಮಾಡುತ್ತಿದ್ದಾನೆ ಎಂದು ಮುನಿಶಾಮಿ ತಿಳಿದ. ಕೂಲಿಗಳನ್ನು ಗದರಿಸಿದ. ಎರಡು ಹಾರೆ ಬೀಳುತ್ತಿದ್ದಲ್ಲಿ ನಾಲ್ಕು ಬಿದ್ದವು. ಇವನು ಕೂಗಿದಷ್ಟೂ ಅವರು ಬೇಗಬೇಗ ಕೆಡವಿದರು, ಅವರು ಕೆಡವಿದಷ್ಟೂ ಇವನು ಜೋರಾಗಿ ಕೂಗಿದ. ತನ್ನ ಮಾತಿನಲ್ಲಿ ಮಡಗಿ ಎಂದು ಕೂಗಿದ್ದರೆ ಅವರಿಗೆ ಅರ್ಥವಾಗದೆ, ಏನಂತೆ ಎಂದು ಕೇಳಲಾದರೂ ಕೈ ನಿಲ್ಲಿಸುತ್ತಿದ್ದರು. ಆದರೆ ಅವನಿಗೆ ಆ ಮಾತನ್ನು ಬಿಡಿಸಿದ್ದವನು ನಾನು.

ಶಾಲೆ ಹತ್ತಿರವೇ ಇತ್ತು. ಬೆಳಗಿನಿಂದ ಕೇಳುತ್ತಿದ್ದ ಹಾರೆಯ ಶಬ್ದ ಗುರುತಿಲ್ಲದ ಮನೆಗಳದ್ದೆಂದು ನಾನೂ ತಿಳಿದಿದ್ದೆ, ಈ ಕೂಗು ಕೇಳಿ ಬೀದಿಗೆ ಬಂದೆ. ಒಂದು ಕಡೆ ದಾಸಪ್ಪನ ಇಡಿ, ಇನ್ನೊಂದು ಕಡೆ ಮುನಿಶಾಮಿಯ ಇಡಿ, ಎರಡೂ ಒಟ್ಟಿಗೆ ಕಿವಿಗೆ ಬಿದ್ದವು. ಆಗ ಗೊತ್ತಾಯಿತು ನನಗೆ. ನಿರುತ್ತು, ನಿರುತ್ತು ಎಂದು ತಮಿಳಿನಲ್ಲಿ ಕೂಗಿದೆ. ಅವರು ನಿಂತರು. ನಿಲ್ಲಿಸಲು ಅಷ್ಟೇ ಸಾಕಾಗಿತ್ತು.

ಧೂಳು ಇಳಿದ ಮೇಲೆ ಕನ್ನಡಿ ಗೋಡೆ ಮಾತ್ರ ಬೀದಿಗೆ ಮುಖ ಮಾಡಿಕೊಂಡು ನಿಂತಿತ್ತು. ಅದರ ಮೇಲೆ ಬಿಸಿಲು ಬಿದ್ದು ಕಣ್ಣು ಕೋರೈಸುತ್ತಿತ್ತು. ಮೇಲಿನ ತೊಲೆಗಳು ಹೋಗಿದ್ದವು. ಯಾರೋ ಅದಕ್ಕೂ ನಾಲ್ಕು ಪೆಟ್ಟು ಹಾಕಿದ್ದರು, ಹಾರೆ ಜಾರಿ ಗೀರು ಮಾತ್ರ ಬಿದ್ದಿತ್ತು. ವಿಷಯ ತಿಳಿದ ಮುನಿಶಾಮಿ ಕೂಲಿಗಳನ್ನೆಲ್ಲ ಗೋಡೆಯಿಂದ ದೂರ ಸರಿಸಿದ. ಅವನು ಕೆಟ್ಟವನಲ್ಲ. ಆ ಗೋಡೆಯನ್ನು ಕೈಯಿಂದ ಸವರಿ ನೋಡಿದ, ಇದನ್ನು ಮಾಡಿದವರು ಯಾರು ಎಂದು ಕೇಳಿದ, ದಾಸಪ್ಪನನ್ನು ತೋರಿಸಿದಾಗ ತಲೆಯ ರುಮಾಲು ತೆಗೆದ. ಆಮೇಲೆ ತನ್ನ ತಪ್ಪಿಗೆ ಕಾರಣವನ್ನೂ ಹೇಳಿದ. ಯಾರೋ ಗೀಚಿದ ಹಾಗೆ ಇದ್ದಿದ್ದರೆ ಅನುಮಾನ ಪಟ್ಟು ವಿಚಾರಿಸುತ್ತಿದ್ದೆ, ಅಕ್ಷರಗಳು ಅಷ್ಟು ಅಚ್ಚುಕಟ್ಟಾಗಿದ್ದವು, ಬರೆದವರು ಯೋಚನೆ ಮಾಡಿಯೇ ಬರೆದಿರಬೇಕು ಎಂದುಕೊಂಡೆ ಎಂದ. ಅದನ್ನು ದಾಸಪ್ಪನಿಗೆ ಕನ್ನಡದಲ್ಲಿ ಹೇಳುವ ಧೈರ್ಯ ನನಗೆ ಬರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ಆ ಹೊತ್ತಿಗೆ ಅವನಿಗೆ ತನಗೆ ಬರುತ್ತಿದ್ದ ಚೂರುಪಾರು ತಮಿಳು ನೆನಪಾಗಿತ್ತು.

ಸಮಿತಿಯ ಏಳನೆಯ ಹಾಗೂ ಕೊನೆಯ ಸಭೆಯಲ್ಲಿ ಮೂರು ಮನೆಗಳ ನಿಧನಕ್ಕೆ ಸಂತಾಪ ಸೂಚಿಸಿದೆವು. ದೋಷ ಯಾರದು ಎಂಬ ವಿಚಾರ ಬಂದಾಗ ಲಕ್ಷ್ಮೀಪತಿಗಳು, ಸಮಿತಿ ಬರೆಸಿದ ಮಾತು ವ್ಯಾಕರಣ ಶುದ್ಧವಾಗಿತ್ತು ಎಂದು ದಾಖಲಿಸಬೇಕೆಂದರು. ದಾಖಲಿಸಿದೆ. ಗುರುತಿಲ್ಲದ ಮನೆಗಳನ್ನು ಕತ್ತರಿಸುವ ಕೆಲಸ ಈ ಗಲಾಟೆಯಲ್ಲಿ ಶುರುವಾಗದೆಯೇ ನಿಂತುಹೋಗಿ, ಬೀದಿಗೆ ಎಲ್ಲಕ್ಕಿಂತ ಮುಂದೆ ಚಾಚಿಕೊಂಡಿದ್ದ ಅವರ ಸಿಮೆಂಟಿನ ಮನೆ ಸಿಂಹಗಳ ಸಮೇತ ಉಳಿಯಿತು. ಪೇಟೆ ಬೀದಿ ಈಗ ಮೂರು ಕಡೆ ಮಾತ್ರ ಅಗಲವಾಗಿದೆ, ಮೂರು ಇಲಿ ನುಂಗಿದ ಹಾವಿನ ಹಾಗೆ. ಆ ಮೂರು ಜಾಗ ಎತ್ತಿನ ಗಾಡಿ ತಿರುಗಿಸಲು ಬಹಳ ಅನುಕೂಲ ಎಂದು ಎಲ್ಲರೂ ಹೇಳುತ್ತಾರೆ.

ತೊಲೆಯಿಲ್ಲದ ಗೋಡೆ ಅಪಾಯ, ವಾರದೊಳಗೆ ಕೆಡವಬೇಕು ಎಂದು ಆದೇಶ ಬಂತು. ಹಗ್ಗ ಕಟ್ಟಿ ಎತ್ತುಗಳಿಂದ ಎಳೆಸುವುದೆಂದು ಮಾತಾಯಿತು. ದಾಸಪ್ಪ ಅಷ್ಟು ದಿನವೂ ಬಂದು ಗೋಡೆಯ ಬುಡದಲ್ಲಿ ಸುಮ್ಮನೆ ಕೂತು ಹೋಗುತ್ತಿದ್ದ. ಶಾಂತಾಬಾಯಿ ಅವನ ಹತ್ತಿರ ಬಂದು ನಿಂತರು.

“ಹಗ್ಗ ಕಟ್ಟಿ ಎಳೆಯೋದು ಬೇಡ ದಾಸಪ್ಪ. ನೀನೇ ತೆಗೆದುಬಿಡು. ನಿನಗೆ ಅದರ ಮೈ ಗೊತ್ತು.”

ಅವನು ನಾಲ್ಕು ದಿನ ತೆಗೆದ. ಕೊನೆಗೆ ಹಾಕಿದ ಪದರ ಮೊದಲು, ಮೊದಲು ಹಾಕಿದ್ದು ಕೊನೆಗೆ. ಇದು ನಾನು ಉಜ್ಜಿದ ಜಾಗ, ಇದು ಅಪ್ಪ ಉಜ್ಜಿದ ಜಾಗ ಎಂದು ಅವನಿಗೆ ಬೆರಳಿಗೇ ತಿಳಿಯುತ್ತಿತ್ತು. ಅಪ್ಪನ ಜಾಗ ಬಂದಾಗ ಕರಣೆ ಕೆಳಗೆ ಹಾಕಿ ಅತ್ತ. ನಾವೆಲ್ಲ ಬೀದಿಯಲ್ಲಿ ನಿಂತು ನೋಡಿದೆವು. ಮೂರನೆಯ ದಿನ ಅವನು ಶಾಂತಾಬಾಯಿಯವರ ಹತ್ತಿರ ಹೋಗಿ, ನಲವತ್ತು ವರ್ಷದಿಂದ ಹೊಟ್ಟೆಯಲ್ಲಿಟ್ಟುಕೊಂಡ ಒಂದು ತಪ್ಪು ಹೇಳಬೇಕು ಎಂದ. ಗೋಡೆಗೆ ಮೊಟ್ಟೆ ಹಾಕಿದ್ದೆವು ಅಮ್ಮಾರೇ ಎಂದ.

“ಗೊತ್ತಿತ್ತು ಕಣಪ್ಪಾ,” ಎಂದರು ಶಾಂತಾಬಾಯಿ. “ನಮ್ಮ ಮಾವನವರಿಗೂ ಗೊತ್ತಿತ್ತು. ಗೋಡೆ ಚೆನ್ನಾಗಿತ್ತು, ಅದಕ್ಕೇ ಯಾರೂ ಕೇಳಲಿಲ್ಲ.”

ಅದಾದ ಮೇಲೆ ನಾನು ಒಂದು ದಿನ ನಿಘಂಟು ತೆಗೆದು ನೋಡಿದೆ. ಮಡಗು ಎಂಬ ಮಾತು ಅದರಲ್ಲಿತ್ತು. ಇಡು, ಇರಿಸು, ಕಾಪಾಡಿಕೊಂಡು ಇರು ಎಂದೆಲ್ಲ ಅರ್ಥ ಕೊಟ್ಟಿದ್ದರು. ಗ್ರಾಮ್ಯ ಎಂದು ಬರೆದಿರಲಿಲ್ಲ. ಅದನ್ನು ಗ್ರಾಮ್ಯ ಎಂದವನು ನಾನೊಬ್ಬನೇ.

ಶಾಂತಾಬಾಯಿಯವರಿಗೆ ಉಳಿದದ್ದು ಅಡುಗೆಮನೆ ಮತ್ತು ಹಿತ್ತಲು. ಅಲ್ಲಿ ಪಾಠ ನಡೆಸಲು ಆಗುತ್ತಿರಲಿಲ್ಲ. ಹುಡುಗಿಯರಲ್ಲಿ ಒಬ್ಬಳೂ ನಮ್ಮ ಶಾಲೆಗೆ ಬರಲಿಲ್ಲ, ಅವರ ಓದು ಅಲ್ಲಿಗೇ ನಿಂತಿತು. ಒಂದು ತಿಂಗಳು ನೋಡಿ ಶಾಂತಾಬಾಯಿ ಕೃಷ್ಣಗಿರಿಯಲ್ಲಿದ್ದ ತಂಗಿಯ ಮನೆಗೆ ಹೊರಟರು. ಗಾಡಿಗೆ ಸಾಮಾನು ಹೇರುವಾಗ ದಾಸಪ್ಪ ಒದ್ದೆ ಗೋಣಿಯಲ್ಲಿ ಏನನ್ನೋ ಸುತ್ತಿಕೊಂಡು ಬಂದ. ಗೋಡೆ ತೆಗೆಯುವಾಗ ಊಟದ ತಟ್ಟೆಯಷ್ಟು ಅಗಲದ ಒಂದು ತುಂಡನ್ನು ಒಡೆಯದಂತೆ ಬಿಡಿಸಿಕೊಂಡಿದ್ದ. ಅವನ ಅಪ್ಪ ಉಜ್ಜಿದ ಭಾಗ ಅದು. ಅದನ್ನು ಎರಡು ಕೈಯಿಂದ ಅವರ ಮುಂದೆ ಹಿಡಿದ.

ಶಾಂತಾಬಾಯಿ ತೆಗೆದುಕೊಂಡು, ಅದರಲ್ಲಿ ಕಂಡ ತಮ್ಮ ಮುಖವನ್ನು ನೋಡಿದರು. ಸೆರಗಿನಿಂದ ಅದರ ಧೂಳು ಒರೆಸಿ, ತಿರುಗಿ ಅವನ ಕೈಗೇ ಕೊಟ್ಟರು.

“ನನಗಿನ್ನು ಗೋಡೆ ಎಲ್ಲಿದೆಯಪ್ಪಾ, ಇದನ್ನ ತಗೊಂಡು ಹೋಗೋಕೆ. ನಿನ್ನ ಹತ್ತಿರಾನೇ ಮಡಗು.”

ಶಾನುಭೋಗರ ಮನೆಯ ಸೊಸೆಯ ಬಾಯಲ್ಲಿ ಆ ಮಾತು ಬಂದದ್ದು ಅದೇ ಮೊದಲು. ಇದಾಗಿ ಈಗ ಎರಡು ವರ್ಷ. ದಾಸಪ್ಪನ ಮನೆಯ ಮಣ್ಣಿನ ಗೋಡೆಯಲ್ಲಿ, ರಾಮಕ್ಕ ತಲೆ ಬಾಚಿಕೊಳ್ಳುವ ಜಾಗದಲ್ಲಿ ಆ ತುಂಡು ಕೂತಿದೆ. ದಾಸಪ್ಪ ಮಡಗಿದ್ದಾನೆ.